ಅಂದಾನೆಪ್ಪನ ಫೈರ್‌ವಾಲು, ಗುರವ್ವನ ಲಗ್ನಪತ್ರಿಕೆ

ಅಂದಾನೆಪ್ಪ ಯಾರನ್ನೂ ನಂಬದ ಮನುಷ್ಯ. ಸವದತ್ತಿಯಲ್ಲಿ ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ಸು ನಡೆಸುತ್ತಾನೆ. ಗಿರಾಕಿ ಹೇಳಿದ ಮುಹೂರ್ತವನ್ನೂ ಪಂಚಾಂಗ ತೆಗೆದು ತಾಳೆ ನೋಡುತ್ತಾನೆ.

ಪತ್ರಿಕೆಗಳೆಲ್ಲ ಹಿಂದಿನ ಕೋಣೆಯ ಲಿನಕ್ಸ್ ಸರ್ವರಿನಲ್ಲಿರುತ್ತವೆ. ಮುಂದಿನ ಕೋಣೆಯಲ್ಲಿ ವಿನ್ಯಾಸ ಮಾಡುವ ಮಂಜುಳಾ ತನ್ನ ಕಂಪ್ಯೂಟರಿನಿಂದಲೇ ಅವನ್ನು ತೆರೆಯುತ್ತಾಳೆ. ಪಕ್ಕದ ಓಣಿಯ ಪ್ರೆಸ್ಸಿನವರು ತನ್ನಂಥದೇ ನವಿಲಿನ ಅಂಚು ಬಳಸಿದ್ದನ್ನು ಕಂಡು ಅಂದಾನೆಪ್ಪನಿಗೆ ಅನುಮಾನ ಹತ್ತಿತು. ಒಂದು ಸೋಮವಾರ ಬೆಳಿಗ್ಗೆ ವಿಡಿಯೊ ನೋಡಿಕೊಂಡು ಹೊರಗಿನವರು ಫೈಲು ಕದಿಯದಂತೆ ಸರ್ವರಿಗೆ ಫೈರ್‌ವಾಲ್ ಎಂಬ ಕಾವಲು ಕಟ್ಟಿದ. ನಿಯಮಗಳು ಎರಡೇ: ಯಾರನ್ನೂ ಒಳಗೆ ಬಿಡಬಾರದು; ಮಂಜುಳಾಳ ಕಂಪ್ಯೂಟರಿಗೆ 2049ನೇ ಪೋರ್ಟ್, ಅಂದರೆ ಫೈಲುಗಳು ಓಡಾಡುವ ಬಾಗಿಲು, ತೆರೆದಿರಬೇಕು. ಅವನ್ನು ಗುಲಾಬಿ ಕಾರ್ಡಿನ ಮೇಲೆ ಗಣಪತಿಯ ಚಿತ್ರ ಸಮೇತ ಮುದ್ರಿಸಿ ಗೋಡೆಗೆ ಅಂಟಿಸಿದ.

ಅದೇ ದಿನ ಗುರವ್ವ ಬಂದು ಬಾಕಿನ ಮೇಲೆ ಕುಳಿತಿದ್ದಳು. ಅವಳ ಮಗನ ಲಗ್ನ ಬುಧವಾರ. ಅಚ್ಚಾದ ಪತ್ರಿಕೆಯಲ್ಲಿ ಸೋದರಮಾವನ ಹೆಸರೇ, ಅಂದರೆ ತೊರಗಲ್ಲಿನಲ್ಲಿರುವ ಅವಳ ಅಣ್ಣ ಅಮೋಘಸಿದ್ದಪ್ಪನ ಹೆಸರೇ, ಬಿಟ್ಟುಹೋಗಿತ್ತು. ಸಂಜೆಯೊಳಗೆ ಹೆಸರಿರುವ ಪತ್ರಿಕೆ ಕೈಗೆ ಬರದಿದ್ದರೆ ಲಗ್ನ ಬಿಟ್ಟು ತಾನು ಪಂಢರಪುರಕ್ಕೆ ಹೊರಟೆ ಎಂದು ಅವನು ಹೇಳಿಕಳಿಸಿದ್ದ. ತೊರಗಲ್ಲಿಗೆ ಹೋಗುವ ರಾಮದುರ್ಗದ ಬಸ್ಸು ಮೂರು ಗಂಟೆಗೆ. ಮಂಜುಳಾ ಹಿಂದಿನ ದಿನವೇ ಹೆಸರು ಸೇರಿಸಿಟ್ಟಿದ್ದಳು. ಈಗ ಸರ್ವರು ಅವಳನ್ನೇ ಒಳಗೆ ಬಿಡಲಿಲ್ಲ.

"ಕಾಕಾ, ಫೈಲ್ ತೆರೀವಲ್ದರಿ."

"ವಾಯರ್ ನೋಡು."

"ವಾಯರ್ ಛಲೋ ಐತ್ರಿ. ನೀವ ಏನರ ಮಾಡೀರಿ."

ಅಂದಾನೆಪ್ಪ ವಾಯರು ಬದಲಿಸಿದ. ಅವಳ ಕಂಪ್ಯೂಟರನ್ನು ಮೂರು ಸಲ ಆರಿಸಿ ಹಚ್ಚಿದ.

"ಅಣ್ಣಾರ, ನಿಮ್ಮ ಡಬ್ಬಿನೂ ನಮ್ಮಣ್ಣನಂಗ ಸಿಟ್ಟಾಗೇತೇನ್ರಿ?" ಎಂದು ಗುರವ್ವ ಕೇಳಿದಳು.

ಎರಡೂಮುಕ್ಕಾಲಿಗೆ ಅವನು, ಬಸ್ಸನ್ನಾದರೂ ನಿಲ್ಲಿಸುತ್ತೇನೆಂದು ಗುರವ್ವನನ್ನು ಕರೆದುಕೊಂಡು ನಿಲ್ದಾಣಕ್ಕೆ ಹೋದ. ಮಂಜುಳಾ ಗೋಡೆಯ ಕಾರ್ಡು ಓದಿ ಫೋನ್ ಮಾಡಿದಳು.

"ಕಾಕಾ, ಯಾರನ್ನೂ ಬಿಡಬಾರದು ಅನ್ನೂದನ್ನ ಮ್ಯಾಲ ಯಾಕ ಹಾಕೀರಿ?"

"ಅದ ದೊಡ್ಡದಲ್ಲೇನ? ದೊಡ್ಡವರ ಹೆಸರು ಮ್ಯಾಲ ಇರಬೇಕು."

"ಇದು ಲಗ್ನಪತ್ರಿಕಿ ಅಲ್ರಿ. ಅದು ಮ್ಯಾಲಿಂದ ಓದಕೋತ ಬರತೈತಿ. ಮೊದಲನೇ ಸಾಲಿಗೇ ಬಾಗಲಾ ಹಾಕ್ತೈತಿ, ನನ್ನ ಹೆಸರತನಾ ಬರೂದ ಇಲ್ಲ. ಸರ್ವರಿಂದು ಪಾಸ್‌ವರ್ಡ್ ಹೇಳ್ರಿ, ಮ್ಯಾಲಿಂದು ಕೆಳಗ ಮಾಡ್ತೇನಿ."

ಹನ್ನೆರಡು ಅಕ್ಷರಗಳ ಆ ಪಾಸ್‌ವರ್ಡನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಗುರವ್ವ ಬಸ್ಸು ಹತ್ತಿ ಕಿಟಕಿಯ ಬಳಿ ಕುಳಿತಿದ್ದಳು; ಎಂಜಿನ್ನು ಗುಡುಗುತ್ತಿತ್ತು. ಒಂದು ಕಿವಿ ಮುಚ್ಚಿಕೊಂಡು ಒಂದೊಂದೇ ಅಕ್ಷರ ಒದರಿದ. ಮಂಜುಳಾಳಿಗೆ ಕೇಳಿಸಲಿಲ್ಲ. ಮುಂದಿನ ಸೀಟಿನವರು ಕನಿಕರಪಟ್ಟು ಒಟ್ಟಾಗಿ ಒದರಿದರು. ಕೊನೆಗೆ ಕಂಡಕ್ಟರ್ ಫೋನ್ ಇಸಿದುಕೊಂಡು, "ಕಡೀಕ ಅಂಕಿ ಏಳು, ತಂಗಿ. ಲಗೂನ ಬಾ," ಎಂದ.

ಮೂರು ಹತ್ತಕ್ಕೆ ಮಂಜುಳಾ ಓಡಿಬಂದು, ಬಿಸಿ ಆರದ ಹತ್ತು ಪತ್ರಿಕೆಗಳನ್ನು ಕಿಟಕಿಯಿಂದ ಗುರವ್ವನ ಕೈಗೆ ಕೊಟ್ಟಳು. ಬಸ್ಸು ಹೊರಟಿತು.

ಪ್ರೆಸ್ಸಿಗೆ ಮರಳಿದ ಮೇಲೆ, "ಪಾಸ್‌ವರ್ಡ್ ಬದಲ ಮಾಡ್ರಿ ಕಾಕಾ," ಎಂದಳು. "ಅರ್ಧಾ ರಾಮದುರ್ಗಕ್ಕ ಗೊತ್ತಾಗೇತಿ."

ಅಂದಾನೆಪ್ಪ ಸರ್ವರಿನ ಮುಂದೆ ಕುಳಿತು ಎರಡು ಅಕ್ಷರ ಒತ್ತಿದ. ಆಮೇಲೆ ಎದ್ದು ಕುರ್ಚಿಯನ್ನು ಅವಳ ಕಡೆ ಸರಿಸಿದ.

"ನೀನ ಇಡು. ನನಗ ಹೇಳಬ್ಯಾಡ, ಮತ್ತ ಒದರತೇನಿ," ಎಂದು ಅವಳಿಗೆ ಬೆನ್ನು ತಿರುಗಿಸಿ ನಿಂತ.