ಹೊಸ ಮಾರ್ಬಲ್ಲಿನ ಮೇಲೆ ಐದನೆಯ ಕಲೆ

ಬೆಳಗ್ಗೆ ಏಳೂವರೆಗೆ ಹಲ್ಲಿನ ಆಸ್ಪತ್ರೆಯ ಬೀಗ ತೆಗೆದ ನಿಂಬೆಯಕ್ಕ ಪೊರಕೆ ಮುಟ್ಟಲಿಲ್ಲ. ನೇರ ಬೇಸಿನ್ನಿನ ಹತ್ತಿರ ಹೋಗಿ ಬಗ್ಗಿ ನೋಡಿದಳು. ಹಿಂದಿನ ಸಂಜೆ ಸುತ್ತಲಿನ ಬಿಳಿ ಮಾರ್ಬಲ್ಲಿಗೆ ಪೇಪರ್ ಹೊದಿಸಿ, ಅಂಚಿಗೆ ತನ್ನದೊಂದು ತಲೆಗೂದಲು ಅಂಟಿಸಿ ಹೋಗಿದ್ದಳು. ಕೂದಲು ಇದ್ದ ಹಾಗೇ ಇತ್ತು.

ಹನ್ನೊಂದು ವರ್ಷದಿಂದ ಅವಳು ಇಲ್ಲಿ ಗುಡಿಸಿ ಒರೆಸುತ್ತಾಳೆ. ಮೂಲೆಯ ಜ್ಯೂಸ್ ಅಂಗಡಿಯವನು ಹಿಂಡಿ ಬಿಸಾಡುವ ನಿಂಬೆ ಹೋಳುಗಳನ್ನು ಡಬ್ಬಿ ತುಂಬ ತರುತ್ತಾಳೆ. ಒಂದು ಹೋಳು ನಲ್ಲಿಗೆ, ಒಂದು ಕೆಟಲ್ಲಿಗೆ, ಕೊನೆಯದು ತನ್ನ ಮೊಣಕೈಗೆ. ದಿನಾ ಬೆಳಗ್ಗೆ ಒಂದು ಲೋಟ ನಿಂಬೆ ನೀರು ಬೇರೆ. ಕೌಂಟರಿನ ಹುಡುಗಿ ಒಮ್ಮೆ ಕೇಳಿದ್ದಳು: “ಅಕ್ಕಾ, ಮುಖಕ್ಕೆ ಹಚ್ಕೊಂಡ್ರೆ ಬೆಳ್ಳಗಾಗ್ತೀನಾ?”

“ಕೆಂಪಗಾಗ್ತೀಯ. ಉರಿ ತಡ್ಕೊಳಕ್ಕಾಗಲ್ಲ, ಸುಮ್ನಿರು.”

ಹಳೆಯ ಸ್ಟೀಲ್ ಸಿಂಕ್ ತೆಗೆಸಿ ಮಾರ್ಬಲ್ ಹಾಕಿಸಿ ತಿಂಗಳಷ್ಟೇ ಆಗಿತ್ತು. ಅಷ್ಟರಲ್ಲಿ ನಾಲ್ಕು ದುಂಡನೆಯ ಮಬ್ಬು ಕಲೆ. ಉಜ್ಜಿದರೂ ಹೋಗಲಿಲ್ಲ. “ಶನಿವಾರದೊಳಗೆ ಯಾರ ಕೆಲಸ ಅಂತ ಗೊತ್ತಾಗಬೇಕು. ಇಲ್ಲಾಂದ್ರೆ ಗುಡಿಸಿ ಒರೆಸೋ ಕೆಲಸಾನೇ ಕ್ಲೀನಿಂಗ್ ಕಂಪನಿಗೆ ಕೊಟ್ಬಿಡ್ತೀನಿ,” ಎಂದಿದ್ದರು ಡಾಕ್ಟರಮ್ಮ. ನಿಂಬೆಯಕ್ಕನ ಅನುಮಾನವೆಲ್ಲ ಹುಡುಗಿಯ ನೇಲ್ ಪಾಲಿಶ್ ತೆಗೆಯುವ ಬಾಟಲಿಯ ಮೇಲೆ.

“ಬೇಸಿನ್ ಹತ್ರಾನೇ ನಿಂತು ಉಗುರು ಒರೆಸ್ಕೊಳ್ತೀಯ ಅಲ್ವಾ?”

“ನನ್ನನ್ಯಾಕೆ ಕೇಳ್ತೀರ? ನಿಮ್ದು ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು.”

ಅಂದಿನಿಂದ ಇಬ್ಬರೂ ಒಬ್ಬರ ಕೈಯನ್ನು ಇನ್ನೊಬ್ಬರು ಕಾಯತೊಡಗಿದರು. ಅವಳ ಚೀಲ ಇವಳ ಕಣ್ಣಿಗೆ, ಇವಳ ಬಕೆಟ್ಟು ಅವಳ ಕಣ್ಣಿಗೆ.

ಇವತ್ತು ಶನಿವಾರ. ನಿಂಬೆಯಕ್ಕ ಪೇಪರ್ ಎತ್ತಿ ಕಲೆ ಎಣಿಸಿದಳು. ನಾಲ್ಕೇ. ಎಂದಿನಂತೆ ನಲ್ಲಿಯನ್ನು ಹೋಳಿನಿಂದ ಉಜ್ಜಿ, ಹೋಳನ್ನು ಕಲ್ಲಿನ ಮೇಲೆ ಬೋರಲು ಇಟ್ಟು, ಶನಿವಾರಕ್ಕೊಮ್ಮೆ ಒರೆಸುವ ಕನ್ನಡಿಗೆ ಕೈ ಹಾಕಿದಳು. ಕನ್ನಡಿ ಮುಗಿಯಲು ಹತ್ತು ನಿಮಿಷ. ಹೋಳು ಎತ್ತಿ ಒದ್ದೆ ಒರೆಸಿದಾಗ ಕೆಳಗೆ ಐದನೆಯ ಕಲೆ ಇತ್ತು. ಅದೇ ಹೋಳನ್ನು ಹಳೆಯ ಕಲೆಗಳ ಮೇಲೆ ಒಂದೊಂದಾಗಿ ಇಟ್ಟು ನೋಡಿದಳು. ಮುಚ್ಚಳದ ಹಾಗೆ ಕೂತಿತು.

ಹುಡುಗಿ ಬರಲು ಇನ್ನೂ ಅರ್ಧ ಗಂಟೆ ಇತ್ತು. ಅವಳ ಬಾಟಲಿ ಡ್ರಾಯರಿನಲ್ಲೇ ಇತ್ತು. ನಿಂಬೆಯಕ್ಕ ಡ್ರಾಯರ್ ಎಳೆದಳು, ಬಾಟಲಿಯನ್ನು ನೋಡಿದಳು, ಮತ್ತೆ ತಳ್ಳಿದಳು.

ಒಂಬತ್ತಕ್ಕೆ ಡಾಕ್ಟರಮ್ಮ ಬಂದಾಗ ಹುಡುಗಿಯ ಎದುರಿಗೇ ಹೇಳಿದಳು: “ಕಲೆ ನಂದೇ ಅಮ್ಮಾ. ನಿಂಬೆ ಇಡ್ತಿದ್ದೆ. ಕಲ್ಲಿಗೂ ಉರಿಯತ್ತೆ ಅಂತ ಗೊತ್ತಿರ್ಲಿಲ್ಲ.”

ಡಾಕ್ಟರಮ್ಮ ಕಲೆಯ ಮೇಲೆ ಬೆರಳಾಡಿಸಿದರು. “ಹಲ್ಲಿಗೂ ಹುಳಿ ಇದನ್ನೇ ಮಾಡತ್ತೆ. ಆ ನಿಂಬೆ ನೀರು ಈಗಲೂ ಕುಡೀತೀಯಾ?”

ನಿಂಬೆಯಕ್ಕ ಹಲ್ಲು ಕಾಣದಂತೆ ಬಾಯಿಗೆ ಕೈ ಅಡ್ಡ ಇಟ್ಟು ಹೌದೆಂದು ತಲೆಯಾಡಿಸಿದಳು. ಹುಡುಗಿ ನಗು ತಡೆಯಲು ಫೋನ್ ಎತ್ತಿಕೊಂಡಳು.

ಸೋಮವಾರ ಮಾರ್ಬಲ್ ಪಾಲಿಶ್ ಮಾಡುವವನು ಬರುತ್ತಾನೆ. ಅವನಿಗೆ ಬಾಗಿಲು ತೆಗೆಯಲು ನಿಂಬೆಯಕ್ಕ ಆರೂವರೆಗೇ ಬರಬೇಕು.