ಕುವೈತ್‌ನಲ್ಲಿದ್ದವನ ಮತ

ಕವಿತಾ, ನಿನ್ನ ಅವ್ವ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು.

ಆ ವರ್ಷ ಪಂಚಾಯ್ತಿ ಚುನಾವಣೆಯಲ್ಲಿ ನಿನ್ನ ಅವ್ವ ನೀಲಕ್ಕ ಒಂದೇ ಒಂದು ಮತದಿಂದ ಸೋತಳು. ನೀನಾಗ ಹೈಸ್ಕೂಲಿನಲ್ಲಿದ್ದೆ. ಮತದಾನದ ದಿನ ನಾನು ಇಲ್ಲಿ ಕುವೈತ್‌ನಲ್ಲಿ, ರಾಯ್ ಎಂಬ ಬಡಾವಣೆಯ ಗ್ಯಾರೇಜಿನಲ್ಲಿ ಲಾರಿಯ ಕೆಳಗೆ ಮಲಗಿ ಗೇರ್‌ಬಾಕ್ಸ್ ಬಿಚ್ಚುತ್ತಿದ್ದೆ. ಊರಿನ ಮತದಾರರ ಪಟ್ಟಿಯಲ್ಲಿ ಮಾತ್ರ ನನ್ನ ಹೆಸರಿನ ಮುಂದೆ ಮತ ಹಾಕಿದ ಗುರುತು ಬಿದ್ದಿತ್ತು.

ಯಾರೋ ಕದ್ದು ಹಾಕಿದ್ದಾರೆ ಎಂದು ನಿನ್ನ ಅವ್ವ ತಿಳಿದಳು. ಕದ್ದದ್ದಲ್ಲ—ನಾನೇ ಕೊಟ್ಟದ್ದು. ಚುನಾವಣೆಗೆ ಒಂದು ವಾರ ಮೊದಲು ಅವಳ ಎದುರಾಳಿ ರುದ್ರಗೌಡ ನನಗೆ ಫೋನ್ ಮಾಡಿದ್ದ. ಅವನ ಮನೆಯವರ ಬಾಯಲ್ಲಿ ಚಿಕ್ಕಂದಿನಿಂದ ನಾನು ಬರೀ ಕಲ್ಲ್ಯಾ. ಅವತ್ತು ಅವನು, "ಕಲ್ಲಪ್ಪನವರ, ನಿಮ್ಮ ವೋಟು ನಮ್ಮವರು ಹಾಕ್ತಾರ. ಹೂಂ ಅನ್ರಿ" ಎಂದ. ದಿನವಿಡೀ ಫೋರ್‌ಮನ್ನನ 'ಯಲ್ಲಾ, ಯಲ್ಲಾ' ಎಂಬ ಅವಸರದ ಕೂಗು ಕೇಳಿ ಸವೆದ ಕಿವಿಗೆ ಆ 'ನವರ' ಎಷ್ಟು ಹಿತವಾಗಿ ಬಿತ್ತೆಂದರೆ—ಹೂಂ ಅಂದುಬಿಟ್ಟೆ. ನೀಲಕ್ಕ ಚುನಾವಣೆಗೆ ನಿಂತದ್ದು ನಮ್ಮ ಓಣಿಗೆ ನಳ ತರಿಸಲಿಕ್ಕೆ. ಆ ಓಣಿಯಲ್ಲಿ ನನ್ನ ತಾಯಿಯೂ ಕೊಡ ಹೊರುತ್ತಿದ್ದಳು. ಅದು ನನಗೆ ಗೊತ್ತಿರಲಿಲ್ಲವೇ?

ನಿನ್ನ ಅವ್ವ ತಕರಾರು ಅರ್ಜಿ ಹಾಕಿದಳು. ನಾನು ಕುವೈತ್‌ನಲ್ಲಿರುವುದು ಇಡೀ ಓಣಿಗೆ ಗೊತ್ತು, ಅಷ್ಟು ಸಾಕು ಎಂದುಕೊಂಡಿದ್ದಳು. ನ್ಯಾಯಮಂಡಳಿ ಆಧಾರವಿಲ್ಲವೆಂದು ಅರ್ಜಿಯನ್ನು ವಜಾ ಮಾಡಿತು. ಅವಳು ಸುಮ್ಮನೆ ಕೂರಲಿಲ್ಲ, ಮೇಲ್ಮನವಿಗೆ ಹೊರಟಳು. ಅದಕ್ಕೆ ವಕೀಲರು ನನ್ನ ಪಾಸ್‌ಪೋರ್ಟಿನ ಮೊಹರು ಬಿದ್ದ ಪುಟಗಳ ನಕಲನ್ನೂ ಇಲ್ಲಿನ ರಾಯಭಾರ ಕಚೇರಿಯಲ್ಲಿ ಮಾಡಿಸಿದ ಪ್ರಮಾಣಪತ್ರವನ್ನೂ ಕೇಳಿದ್ದರು. ಓಣಿಯ ಹುಡುಗನಾದ ನನ್ನನ್ನು ತಮ್ಮ ಎಂದೇ ಕರೆಯುತ್ತಿದ್ದ ಅವಳ ಫೋನ್ ಒಂದು ಶುಕ್ರವಾರ ಬಂತು.

"ತಮ್ಮಾ, ಆವತ್ತು ನೀ ಅಲ್ಲೇ ಇದ್ದಿ ಅಂತ ಬರದು ಕೊಟ್ರ ಸಾಕು. ಮತ್ತೇನೂ ಬ್ಯಾಡ."

"ಪಾಸ್‌ಪೋರ್ಟ್ ಕಫೀಲನ ಹತ್ರ ಐತಿ ಅಕ್ಕಾ. ಕೇಳಿದ್ರ ಕೆಲಸಾನ ಹೋಗ್ತದ" ಎಂದೆ.

ಪಾಸ್‌ಪೋರ್ಟ್ ನನ್ನ ಟ್ರಂಕಿನಲ್ಲಿತ್ತು. ಕಫೀಲ, ಅಂದರೆ ನಮ್ಮ ಮಾಲೀಕ, ಅದನ್ನು ಎಂದೂ ಇಟ್ಟುಕೊಂಡವನಲ್ಲ. ಪಕ್ಕದ ಕೋಣೆಯವರು ನಿಜವಾಗಿ ಅನುಭವಿಸುತ್ತಿದ್ದ ಕಷ್ಟವನ್ನು ನನ್ನದೆಂದು ಹೇಳಿದೆ. ಬರೆದುಕೊಟ್ಟರೆ ಆ 'ಹೂಂ' ಹೊರಬೀಳುತ್ತದೆ—ಅದೊಂದೇ ಹೆದರಿಕೆ.

"ಹಂಗಿದ್ರ ಬ್ಯಾಡಪಾ. ನಿನ್ನ ಅನ್ನಕ್ಕ ನಾ ಕಲ್ಲು ಹಾಕೂದಿಲ್ಲ" ಎಂದು ಅವಳು ಫೋನ್ ಇಟ್ಟಳು.

ಆ ಕಾಗದಗಳಿಲ್ಲದೆಯೇ ಮೇಲ್ಮನವಿ ಹೋಯಿತು, ಅದೂ ವಜಾ ಆಯಿತು. ಸೋಲು ತಾಳಲಾರದೆ ಸುಳ್ಳು ಹುಟ್ಟಿಸಿದವಳು ಎಂದು ಊರು ಮಾತಾಡಿತು. ಅವಳ ಹತ್ತಿರ ರವಿಕೆ ಹೊಲಿಸುವವರೂ ಹಾಗೇ ಅಂದರು. ಅವಳು ಮತ್ತೆ ಯಾವ ಚುನಾವಣೆಗೂ ನಿಲ್ಲಲಿಲ್ಲ. ರುದ್ರಗೌಡ ಅದಾದ ಮೇಲೆ ನನಗೆ ಒಂದು ಸಲವೂ ಫೋನ್ ಮಾಡಲಿಲ್ಲ.

ಹೋದ ರಜೆಯಲ್ಲಿ ನಿಮ್ಮ ಮನೆಗೆ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದೆ. ಹೊಲಿಗೆ ನಿಲ್ಲಿಸಿ ಕೇಳಿದಳು. ಬೈದಿದ್ದರೆ—ಬೈಯಲಿಲ್ಲ.

"ನನಗ ಹೇಳಿದ್ರ ಏನು ಬಂತು? ನನಗ ಗೊತ್ತಿದ್ದ ಖರೇನ ನನಗ ಹೇಳಿದಿ. ಕವಿತಾ ಐದಕ್ಕ ಬರ್ತಾಳ, ಅಕಿ ಮುಂದ ಹೇಳು. ಸುಳ್ಳು ಹೇಳಿ ನಮ್ಮ ಮರ್ಯಾದಿ ಕಳದಿ ಅಂತ ನನ್ನ ಮಗಳ ನನಗ ಅಂದಾಳ."

ನಾಲ್ಕೂವರೆಗೆ ನಾನು ಎದ್ದು ಹೊರಟೆ. ಓಣಿಯ ತಿರುವಿನಲ್ಲಿ, ಅವತ್ತು ಬೇಗ ಬಂದಿದ್ದ ನೀನೇ ಎದುರಾಗಿ, ಯಾವಾಗ ಬಂದ್ರಿ ಮಾಮಾ ಎಂದು ನಗುತ್ತ ಕೇಳಿದೆ. ನಿನ್ನೆ ಎಂದೆ. ಹಾಗೇ ನಡೆದುಬಿಟ್ಟೆ.

ಅಲ್ಲಿ ಹೇಳದೆ ಬಂದದ್ದನ್ನು ಇಲ್ಲಿಂದ ಬರೆಯುತ್ತಿದ್ದೇನೆ. ಇನ್ನು ಯಾವ ಕೋರ್ಟಿಗೂ ಇದು ಬೇಕಿಲ್ಲ. ಈ ಕಾಗದವನ್ನು ನಿನ್ನ ಅವ್ವನ ಎದುರು ಕೂತು ಗಟ್ಟಿಯಾಗಿ ಓದು. ಆಮೇಲೆ ಓಣಿಯವರಿಗೂ ಓದಿಸು. ಯಾರಾದರೂ ಫೋನ್ ಮಾಡಿ ಕೇಳಿದರೆ, ಬರೆದವನು ನಾನಲ್ಲ ಎನ್ನುವುದಿಲ್ಲ.