ಚೆಂಡಕ್ಕ ಬಿಚ್ಚಿದ ಮೂರು ಚೆಂಡು

ಅವಳ ಹೆಸರು ಮರೆತು ಎಷ್ಟೋ ಕಾಲವಾಯಿತು. ಬೀದಿಗೆಲ್ಲ ಅವಳು ಚೆಂಡಕ್ಕ. ಇಪ್ಪತ್ತಾರು ವರ್ಷ ಕಾಲ್ಚೆಂಡು ಹೊಲಿದ ಕೈ. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಆ ಕೈ ಸುಮ್ಮನಿರಲಾರದೆ ಮನೆಯ ದಿಂಬುಗಳಿಗೆಲ್ಲ ಎರಡೆರಡು ಸಲ ಹೊಲಿಗೆ ಹಾಕಿತು.

ಅಷ್ಟರಲ್ಲಿ ಆಟದ ಸಾಮಾನಿನ ದೊಡ್ಡ ಅಂಗಡಿಯವರು ಎರಡನೇ ಮಳಿಗೆ ತೆರೆಯುತ್ತಾರಂತೆ, ನಲವತ್ತು ಜನಕ್ಕೆ ಕೆಲಸವಂತೆ ಎಂದು ಸೊಸೆ ಅರ್ಜಿ ತಂದಳು.

“ಐವತ್ತೆರಡರ ಮುದುಕೀನ ಯಾರೇ ತಗೋತಾರೆ?”

“ಮುದುಕಿ ಅಂತ ಅರ್ಜೀಲಿ ಎಲ್ಲೂ ಕೇಳಿಲ್ಲ ಅತ್ತೆ. ನೀವಾಗಿ ಬರೀಬೇಡಿ.”

ಹೊಸ ಮಳಿಗೆಯಲ್ಲಿ ಒಂದು ದಿನದ ಪರೀಕ್ಷೆ. ಕೆಲಸ ಉಂಟೋ ಇಲ್ಲವೋ ಸಂಜೆಗೆ ತೀರ್ಮಾನ. ಚೆಂಡುಗಳಿಗೆ ಗಾಳಿ ತುಂಬಿ ಕಪಾಟಿನಲ್ಲಿ ಜೋಡಿಸಿ ಎಂದು ಹೇಳಿ ಮ್ಯಾನೇಜರು ಒಳಗೆ ಹೋದ.

ಗಾಳಿ ತುಂಬುವಾಗ ಮೂರು ಚೆಂಡಿನ ಹೊಲಿಗೆ ಸಡಿಲವೆಂದು ಅವಳ ಬೆರಳಿಗೆ ತಿಳಿಯಿತು. ಕಾರ್ಖಾನೆಯಲ್ಲಿ ಹೊಲಿಯುವವರಲ್ಲಿ ಒಂದು ರೂಢಿಯಿತ್ತು. ಪಕ್ಕದವಳ ಹೊಲಿಗೆ ಸಡಿಲವಾದರೆ ಬಾಯಿ ಬಿಡಬಾರದು. ಮೇಸ್ತ್ರಿಯ ಕಣ್ಣಿಗೆ ಬೀಳುವ ಮೊದಲೇ ತಾನೇ ಬಿಚ್ಚಿ ಹೊಲಿದುಬಿಡಬೇಕು. ಸೂಜಿ, ಮೇಣ ಸವರಿದ ದಾರ ಹೇಗೂ ಅವಳ ಚೀಲದಲ್ಲೇ ಇದ್ದವಲ್ಲ.

ಮ್ಯಾನೇಜರು ಮರಳಿದಾಗ ಚೆಂಡಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಪಕ್ಕದಲ್ಲಿ ಮೂರು ಹೊಸ ಚೆಂಡು ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದವು.

“ಏನಮ್ಮಾ ಇದು? ಮಾರೋ ಮಾಲು.”

“ಮಾರೋದು ಅಂತಲೇ ಬಿಚ್ಚಿದೆ ಸಾರ್. ನಮ್ಮನೇದಾಗಿದ್ರೆ ಬಿಡ್ತಿದ್ದೆ.”

“ಕೆಟ್ಟದಿದ್ರೆ ನನಗೆ ಹೇಳ್ಬೇಕು.”

“ಹೇಳಿದ್ರೆ ಹೊಲಿದೋಳ ಅನ್ನ ಹೋಗುತ್ತೆ.”

“ಅವಳು ಯಾರು ಅಂತಲೇ ನಿಮಗೆ ಗೊತ್ತಿಲ್ವಲ್ಲ.”

“ಹೆಸರು ಗೊತ್ತಿಲ್ಲ. ಮೂರನ್ನೂ ಹೊಲಿದೋಳು ಒಬ್ಬಳೇ, ಎಡಗೈಯೋಳು, ಗಂಟು ನೋಡಿ. ಶುರೂಲಿ ಹೊಲಿಗೆ ಚೆನ್ನಾಗಿದೆ, ಬೆಳಕಿಳಿದ ಹಾಗೆ ದೂರದೂರ ಆಗಿದೆ. ಪಾಪ, ಕಣ್ಣು ಮಂಜಾಗ್ತಿದೆ ಅವಳಿಗೆ.”

ಮ್ಯಾನೇಜರು ಕುಕ್ಕರಗಾಲಲ್ಲಿ ಕೂತ. ಹೊಲಿಗೆಯ ಮೇಲೆ ಬೆರಳಾಡಿಸಿದ.

ಸಂಜೆಗೆ ಮೂರೂ ಚೆಂಡು ಹುಣ್ಣಿಮೆ ಚಂದ್ರನ ಹಾಗೆ ತುಂಬಿಕೊಂಡವು. ಅವನು ಮೇಲಿನವರಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದ. ಚೆಂಡಕ್ಕ ಸೂಜಿ, ದಾರ ಚೀಲಕ್ಕೆ ಹಾಕಿಕೊಂಡಳು. ಬಂದವನು ಹೇಳಿದ:

“ಮಾರಾಟಕ್ಕೆ ನೀವು ಬೇಡ. ರಿಪೇರಿಗೆ ಒಂದು ಮೂಲೆ ಕೊಡ್ತೀವಿ. ಆದ್ರೆ ಬಿಚ್ಚೋ ಮೊದಲು ನನಗೆ ಹೇಳ್ಬೇಕು.”

ಹೂಂ ಅನ್ನುವುದು ಬಿಟ್ಟು ಚೆಂಡಕ್ಕ ತನ್ನದೂ ಒಂದು ಷರತ್ತು ಹಾಕಿದಳು.

“ನಿಮಗೆ ಹೇಳ್ತೀನಿ ಸಾರ್. ನೀವು ಅದನ್ನ ಮೇಲಿನವರಿಗೆ ಹೇಳ್ಬಾರ್ದು.”

ಅವನು ನಕ್ಕು, ಅರ್ಜಿಗೆ ಸಹಿ ಹಾಕಿದ.